ಬಂತು, ಬರ್ಲಿಲ್ಲ, ಡಿಡ್ ನಾಟ್ ಕಮ್

ಆಮ್, ಈಸ್, ಆರ್, ವಾಸ್, ವರ್. ಕನ್ನಡ ಮೀಡಿಯಂನಲ್ಲಿ ಓದಿದ ಯಾರನ್ನಾದರೂ ನಡುರಾತ್ರಿ ಎಬ್ಬಿಸಿ ಕೇಳಿ, ಒಂದೇ ಉಸಿರಿಗೆ ಹೇಳುತ್ತಾರೆ. ಬೀ, ಬೀಯಿಂಗ್, ಬೀನ್. ಹ್ಯಾವ್, ಹ್ಯಾಸ್, ಹ್ಯಾಡ್. ಡೂ, ಡಸ್, ಡಿಡ್. ಆಮೇಲೆ ಕ್ಯಾನ್, ಕುಡ್, ಶಲ್, ಶುಡ್, ವಿಲ್, ವುಡ್, ಮೇ, ಮೈಟ್, ಮಸ್ಟ್. ಒಟ್ಟು 23 ಹೆಲ್ಪಿಂಗ್ ವರ್ಬ್, ಅಂದರೆ ಸಹಾಯಕ ಕ್ರಿಯಾಪದ. ಶಾಲೆ ಗೋಡೆ ಮೇಲೆ ಬರೆಸಿರುತ್ತಾರೆ, ಗೈಡುಗಳಲ್ಲಿ ಚೌಕ ಹಾಕಿ ಕೊಟ್ಟಿರುತ್ತಾರೆ. ಬಾಯಿಪಾಠದಲ್ಲಿ ನಮ್ಮ ಮಕ್ಕಳನ್ನು ಮೀರಿಸುವವರಿಲ್ಲ. ಆದರೆ 23ನ್ನೂ ತಪ್ಪಿಲ್ಲದೆ ಒಪ್ಪಿಸಿದ ಹುಡುಗನೇ ಮರುಗಳಿಗೆ 'ಐ ಡಿಡ್ ನಾಟ್ ವೆಂಟ್' ಅನ್ನುತ್ತಾನೆ.

ಕೋಲಾರದ ಕೀಲುಕೋಟೆ ಕಡೆ ನಮ್ಮ ಮನೆ. ಸಂಜೆ ಹೊತ್ತು ಮಹಡಿ ಮೇಲೆ ಒಂದಷ್ಟು ಜನ ಇಂಗ್ಲಿಷ್ ಕಲಿಯೋಕೆ ಬರುತ್ತಾರೆ. ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿಗಳಲ್ಲಿ ಇಂಟರ್‌ವ್ಯೂ ಇರುವವರು, ಬ್ಯಾಂಕ್ ಪರೀಕ್ಷೆಗೆ ಕೂತವರು, ಟೊಮೇಟೊ ಮಂಡಿಯ ಒಬ್ಬ ರೈಟರ್. ಎಲ್ಲರೂ ಹೆಲ್ಪಿಂಗ್ ವರ್ಬ್ ಪಟ್ಟಿ ಬಲ್ಲವರೇ. ಆ ಪಟ್ಟಿಯಲ್ಲಿರುವವು ವಾಕ್ಯದೊಳಗೆ ಕೂತು ಏನು ಕೆಲಸ ಮಾಡುತ್ತವೆ ಅಂತ ಮಾತ್ರ ಅವರಿಗೆ ಯಾರೂ ಹೇಳಿಲ್ಲ.

'ಡಿಡ್ ನಾಟ್ ವೆಂಟ್' ಕೇಳಿದ ಕೂಡಲೇ ಮೇಷ್ಟ್ರುಗಳು ಬೈಯುವುದು ಒಂದೇ ಬೈಗುಳ. "ಕನ್ನಡದಲ್ಲಿ ಯೋಚನೆ ಮಾಡಿ ಇಂಗ್ಲಿಷಿಗೆ ತಿರುಗಿಸ್ತೀಯ, ಅದಕ್ಕೇ ಹೀಗೆ." ನಾನು ಇದನ್ನು ಒಪ್ಪುವುದಿಲ್ಲ. ಈ ಜಾಗದಲ್ಲಿ ಅವನು ನಿಜವಾಗಿ ಕನ್ನಡದಲ್ಲಿ ಯೋಚನೆ ಮಾಡಿದ್ದರೆ ತಪ್ಪೇ ಆಗುತ್ತಿರಲಿಲ್ಲ.

ಮಂಡಿ ರೈಟರ್ ವಿಷಯಕ್ಕೆ ಬರೋಣ. ಬೇರೆ ರಾಜ್ಯದ ಖರೀದಿದಾರರಿಗೆ ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಹಾಕುವುದು ಅವನ ಕೆಲಸ. ಎಷ್ಟು ಬಾಕ್ಸ್ ಹೋಯಿತು, ಲಾರಿ ಯಾವಾಗ ಹೊರಟಿತು, ದುಡ್ಡು ಎಷ್ಟು ಬಾಕಿ. ಒಂದು ಸಂಜೆ ಫೋನ್ ತೋರಿಸಿದ. 'ಸಾರ್, ಲಾರಿ ಡಿಡ್ ನಾಟ್ ಕೇಮ್.'

"ಇದನ್ನ ಕನ್ನಡದಲ್ಲಿ ಹೇಳು."

"ಲಾರಿ ಬರ್ಲಿಲ್ಲ."

"ಬಂದಿದ್ರೆ ಏನಂತಿದ್ದೆ?"

"ಲಾರಿ ಬಂತು."

"ಸರಿ, ಆ 'ಬಂತು'ಗೆ 'ಇಲ್ಲ' ಅಂಟಿಸು. ಲಾರಿ ಬಂತಿಲ್ಲ ಅಂತೀಯಾ?"

ನಕ್ಕ. "ಯಾರಾದ್ರೂ ಹಂಗಂತಾರಾ ಅಣ್ಣಾ?"

ಯಾರೂ ಅನ್ನುವುದಿಲ್ಲ. 'ಬಂತು' ಅನ್ನೋದರಲ್ಲಿ ಎರಡು ಸುದ್ದಿ ಇವೆ. ಕೆಲಸ ಆಗಿಹೋಗಿದೆ ಅನ್ನೋದು ಒಂದು, ಬಂದಿದ್ದು 'ಅದು' ಅನ್ನೋದು ಇನ್ನೊಂದು. 'ಇಲ್ಲ' ಬಂದ ತಕ್ಷಣ ಎರಡೂ ಕಳಚಿಬೀಳುತ್ತವೆ. ಉಳಿಯುವುದು 'ಬರಲು' ಅನ್ನುವ ಬರೀ ಕ್ರಿಯೆ. ಅದು 'ಇಲ್ಲ' ಜೊತೆ ಸೇರಿ 'ಬರಲಿಲ್ಲ' ಆಗುತ್ತದೆ. ನಾನು ಬರಲಿಲ್ಲ, ಅವಳು ಬರಲಿಲ್ಲ, ಲಾರಿ ಬರಲಿಲ್ಲ, ಎಲ್ಲಕ್ಕೂ ಒಂದೇ. ಇಂಗ್ಲಿಷಿನಲ್ಲೂ ಆಗುವುದು ಇದೇ. 'ಕೇಮ್' ತನ್ನ ಭೂತಕಾಲ ಕಳಚಿಟ್ಟು ಬರೀ 'ಕಮ್' ಆಗುತ್ತದೆ. ಕಳಚಿದ ಭೂತಕಾಲವನ್ನು 'ಡಿಡ್' ಹೊತ್ತುಕೊಳ್ಳುತ್ತದೆ. 'ಡಿಡ್ ನಾಟ್ ಕೇಮ್' ಅಂದರೆ 'ಬಂತಿಲ್ಲ' ಅಂದಹಾಗೆ. ಕಿವಿಗೆ ಅಷ್ಟೇ ಒರಟು.

ಕೋಲಾರದಲ್ಲಿ ಪಾಠ ಹೇಳುವವರಿಗೆ ಇಲ್ಲಿ ಇನ್ನೊಂದು ಅನುಕೂಲ ಇದೆ. ನಮ್ಮ ಜಿಲ್ಲೆಯಲ್ಲಿ ಕನ್ನಡವೊಂದೇ ಮನೆಮಾತಾಗಿರುವ ಕ್ಲಾಸು ಸಿಗುವುದು ಕಷ್ಟ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಕೆಜಿಎಫ್ ಕಡೆಯವರು ತಮಿಳು. ತೆಲುಗಿನಲ್ಲಿ 'ವಚ್ಚಾನು' ಅಂದರೆ ಬಂದೆ. ಬರಲಿಲ್ಲ ಅನ್ನಬೇಕಾದರೆ 'ರಾಲೇದು'. 'ವಚ್ಚಾನು'ವಿನ ಗುರುತೇ ಉಳಿಯುವುದಿಲ್ಲ. ತಮಿಳಿನಲ್ಲಿ 'ವಂದೇನ್', ಇಲ್ಲವಾದರೆ 'ವರಲೆ'. ಮೂರು ಭಾಷೆಗೂ ಒಂದೇ ಕಟ್ಟು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಮದರಾಸಿನಲ್ಲಿ ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ, ಕಥೆ ಬರೆದಿದ್ದು ಕನ್ನಡದಲ್ಲಿ. ನಮ್ಮ ಕಡೆ ಇದೇನೂ ವಿಶೇಷವಲ್ಲ. ಆದರೂ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಫೈನ್ ಹಾಕುವ ಶಾಲೆಗಳಿವೆ. ಮಗುವಿನ ಕೈಲಿರುವ ಕೀಲಿಕೈ ಕಿತ್ತುಕೊಂಡು ಬಾಗಿಲು ತೆಗಿ ಅಂದಹಾಗಾಯಿತು.

ಒಂದು ಸಲ 'ಬಂತಿಲ್ಲ' ಅನ್ನೋದು ಕಿವಿಗೆ ಬಿದ್ದರೆ ಅದರ ಹಿಂದಿನ ನಿಯಮವೂ ಸಿಗುತ್ತದೆ. ಕ್ರಿಯಾಪದಗಳು ಎಷ್ಟೇ ಸಾಲಾಗಿ ನಿಂತರೂ ಕಾಲದ ಗುರುತು ಒಂದಕ್ಕೆ ಮಾತ್ರ. ಕನ್ನಡದಲ್ಲಿ ಅದು ಕೊನೆಯದಕ್ಕೆ. 'ಬಂದುಬಿಟ್ಟಿದ್ದಾರೆ' ತಗೊಳ್ಳಿ. ಬಂದು, ಬಿಟ್ಟು, ಇದ್ದಾರೆ, ಮೂರು ಕ್ರಿಯೆ ಇವೆ. ಯಾರು, ಯಾವಾಗ ಅನ್ನೋದು ಕೊನೆಯ 'ಇದ್ದಾರೆ'ಯಲ್ಲಿ ಮಾತ್ರ. ಇಂಗ್ಲಿಷಿನಲ್ಲಿ ಅದು ಮೊದಲನೆಯದಕ್ಕೆ. 'ಹ್ಯಾಸ್ ಬೀನ್ ವೇಟಿಂಗ್' ಅನ್ನೋದರಲ್ಲಿ ಯಾರು, ಯಾವಾಗ ಅಂತ ಹೇಳುವುದು 'ಹ್ಯಾಸ್' ಒಂದೇ. ಉಳಿದವು ಎಲ್ಲ ಕಾಲಕ್ಕೂ ಹಾಗೇ ಇರುತ್ತವೆ. 'ಡಸ್ ಹಿ ಗೋಸ್' ಯಾಕೆ ತಪ್ಪು, 'ವಾಸ್ ಕೇಮ್' ಯಾಕೆ ತಪ್ಪು ಅಂತ ಬೇರೆಬೇರೆ ಕಲಿಯಬೇಕಾಗಿಲ್ಲ. ಎರಡು ಕಡೆ ಗುರುತು ಬಿದ್ದಿದೆ, ಅಷ್ಟೇ. ಇಷ್ಟು ಹೇಳಿದ್ದಕ್ಕೆ ನಮ್ಮ ರೈಟರ್, "ಒಂದು ಲಾಟಿಗೆ ಒಂದೇ ಚೀಟಿ, ಅಲ್ವಾ ಅಣ್ಣಾ" ಅಂದ. ಅದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರುವುದಿಲ್ಲ.

'ಕ್ಯಾನ್ ಏಬಲ್ ಟು' ಅನ್ನೋ ರೋಗಕ್ಕೆ ಮಾತ್ರ ಮದ್ದು ಬೇರೆ. 'ಏಬಲ್' ಕ್ರಿಯಾಪದವೇ ಅಲ್ಲ. ಅದನ್ನು ನಾವು 'ಆಗುತ್ತೆ' ಅಂತ ಅಂದುಕೊಂಡುಬಿಟ್ಟಿದ್ದೇವೆ. 'ಕ್ಯಾನ್' ಬಂದರೆ 'ಏಬಲ್' ಬೇಡ. 'ಏಬಲ್' ಬೇಕೇ ಬೇಕು ಅಂದರೆ 'ಕ್ಯಾನ್' ಬಿಟ್ಟು ಆ ಜಾಗದಲ್ಲಿ 'ಆಮ್' ಹಾಕಿ.

ಈ 23ರಲ್ಲಿ ಅತ್ಯಂತ ವಿಚಿತ್ರವಾದದ್ದು 'ಡೂ'. 'ಐ ಡೂ ಮೈ ವರ್ಕ್' ಅಂದಾಗ ಅದಕ್ಕೆ 'ಮಾಡು' ಅನ್ನೋ ಅರ್ಥ ಇದೆ. ಆಗ ಅದು ಮುಖ್ಯ ಕ್ರಿಯಾಪದ. 'ಐ ಡೂ ನಾಟ್ ನೋ' ಅಂದಾಗ ಅರ್ಥವೇ ಇಲ್ಲ. ಸುಮ್ನೆ ನಿಂತು 'ನಾಟ್'ಗೆ ಜಾಗ ಮಾಡಿಕೊಡುತ್ತದೆ. ಇದು ಇಂಗ್ಲಿಷಿನಲ್ಲಿ ಹುಟ್ಟಿನಿಂದ ಇದ್ದದ್ದಲ್ಲ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನಲ್ಲಿ 'ಐ ನೋ ನಾಟ್' ಅನ್ನೋ ಥರದ ವಾಕ್ಯಗಳು ಬೇಕಾದಷ್ಟು ಸಿಗುತ್ತವೆ. ಶೇಕ್ಸ್‌ಪಿಯರ್ ಕಾಲದವರು 'ಡೂ' ಹಾಕಿಯೂ ಮಾತಾಡುತ್ತಿದ್ದರು, ಹಾಕದೆಯೂ ಮಾತಾಡುತ್ತಿದ್ದರು. ಕಡ್ಡಾಯವಾಗಿದ್ದು ಆಮೇಲೆ. ಇಂಗ್ಲಿಷಿನ ನೆಂಟ ಭಾಷೆಯಾದ ಜರ್ಮನ್‌ನಲ್ಲಿ ಇವತ್ತಿಗೂ 'ನನಗೆ ಗೊತ್ತಿಲ್ಲ' ಅನ್ನೋಕೆ ಇಂಥ 'ಡೂ' ಬೇಕಾಗಿಲ್ಲ. ಹೀಗಾಗಿ ಇದು ತಲೆಗೆ ಹತ್ತದಿದ್ದರೆ ಹುಡುಗರನ್ನು ದಡ್ಡರು ಅನ್ನುವ ಮೊದಲು ಸ್ವಲ್ಪ ತಾಳ್ಮೆ ಇರಲಿ. ಇಂಗ್ಲಿಷಿನವರಿಗೂ ಇದನ್ನು ಗಟ್ಟಿ ಮಾಡಿಕೊಳ್ಳೋಕೆ ನೂರಾರು ವರ್ಷ ಹಿಡಿಯಿತು.

ಪ್ರಶ್ನೆ ಕೇಳುವಾಗ ಕನ್ನಡ ನಮ್ಮ ಕೈಬಿಡುತ್ತದೆ. ನಾವು ಕೊನೆಯಲ್ಲಿ ಒಂದು 'ಆ' ಎಳೆದರೆ ಮುಗೀತು. ಹೋಗ್ತಾನೆ, ಹೋಗ್ತಾನಾ? ಅವರು ಹೆಲ್ಪಿಂಗ್ ವರ್ಬನ್ನು ಎತ್ತಿ ಮುಂದಕ್ಕೆ ಇಡುತ್ತಾರೆ. 'ಹಿ ಕ್ಯಾನ್ ಕಮ್' ಇದ್ದದ್ದು 'ಕ್ಯಾನ್ ಹಿ ಕಮ್' ಆಗುತ್ತದೆ. ಎತ್ತಿ ಇಡೋಕೆ ಏನೂ ಇಲ್ಲದಿದ್ದರೆ ಮತ್ತೆ ಅದೇ 'ಡೂ'ವನ್ನು ಕರೆತರಬೇಕು. ಉತ್ತರ ಕೊಡುವುದರಲ್ಲೂ ವ್ಯತ್ಯಾಸ ಇದೆ. "ಬರ್ತೀಯಾ?" ಅಂದರೆ ನಾವು "ಬರ್ತೀನಿ" ಅಂತೀವಿ, ಕ್ರಿಯೆಯನ್ನೇ ತಿರುಗಿ ಹೇಳುತ್ತೇವೆ. ಅವರು 'ಯೆಸ್, ಐ ವಿಲ್' ಅಂತ ಹೆಲ್ಪಿಂಗ್ ವರ್ಬಿಗೇ ನಿಲ್ಲಿಸುತ್ತಾರೆ. ಇನ್ನು ನಮ್ಮ 'ಅಲ್ವಾ'! ಚೆನ್ನಾಗಿದೆ ಅಲ್ವಾ, ಬಂದ ಅಲ್ವಾ, ಬರ್ತೀಯ ಅಲ್ವಾ. ಒಂದೇ ಪದ ಎಲ್ಲಾ ಕಡೆ ನಡೆಯುತ್ತದೆ. ಇಂಗ್ಲಿಷಿನವರು ವಾಕ್ಯ ನೋಡಿ ನೋಡಿ 'ಈಸಂಟ್ ಇಟ್', 'ಡಿಡಂಟ್ ಹಿ', 'ವೋಂಟ್ ಯೂ' ಅಂತ ಬೇರೆಬೇರೆ ಬಾಲ ಕಟ್ಟಬೇಕು. ನಮ್ಮವರು ಎಲ್ಲಕ್ಕೂ 'ಈಸಂಟ್ ಇಟ್' ಹಾಕುವುದು 'ಅಲ್ವಾ'ದ ಚಾಳಿಯಿಂದ. ಇದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಅರ್ಥ ಆಗುತ್ತದೆ, ಕೆಲಸ ಕೆಡುವುದಿಲ್ಲ.

'ಈಸ್' ಬಿಟ್ಟುಹೋಗುವುದು ಹಾಗಲ್ಲ, ಅದು ಎದ್ದು ಕಾಣುತ್ತದೆ. ಇಂಟರ್‌ವ್ಯೂಗೆ ತಯಾರಾಗುತ್ತಿದ್ದ ಒಬ್ಬಳು 'ಮೈ ಫಾದರ್ ಫಾರ್ಮರ್, ಮೈ ಮದರ್ ಹೌಸ್‌ವೈಫ್' ಅಂತ ಬರೆದುಕೊಂಡು ಬಂದಿದ್ದಳು. ಕನ್ನಡದಲ್ಲಿ 'ನಮ್ಮಪ್ಪ ರೈತರು' ಅಂದರೆ ಪೂರ್ತಿ ವಾಕ್ಯ. ಕ್ರಿಯಾಪದ ಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದ ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. ಅಪ್ಪನಿಗೂ ರೈತನಿಗೂ ನಡುವೆ 'ಈಸ್' ಕೊಂಡಿಯಾಗಿ ಕೂರಬೇಕು. ಲಿಂಕಿಂಗ್ ವರ್ಬ್ ಅನ್ನುವುದು ಇದನ್ನೇ. 'ಸೀಮ್', 'ಬಿಕಮ್' ಇದೇ ಜಾತಿ. ಇಲ್ಲಿ 'ಈಸ್' ಯಾರಿಗೂ ಹೆಲ್ಪ್ ಮಾಡುತ್ತಿಲ್ಲ, ತಾನೇ ಮುಖ್ಯ. 'ಈಸ್ ವರ್ಕಿಂಗ್' ಅಂದಾಗ ಅದೇ 'ಈಸ್' ಸಹಾಯಕ್ಕೆ ನಿಲ್ಲುತ್ತದೆ. ಪಟ್ಟಿ ಬಾಯಿಪಾಠ ಮಾಡಿದವರಿಗೆ ಇದೇ ತೊಡಕು. ಹೆಲ್ಪಿಂಗ್ ವರ್ಬ್ ಅಂದರೆ ಒಂದು ಪದದ ಜಾತಿ ಅಂದುಕೊಂಡಿರುತ್ತಾರೆ. ಅದು ಆ ವಾಕ್ಯದಲ್ಲಿ ಆ ಪದ ಮಾಡುತ್ತಿರುವ ಕೆಲಸದ ಹೆಸರು. ಅಂದಹಾಗೆ, 'ಇಲ್ಲ' ಅನ್ನುವಾಗ ಕನ್ನಡವೇ ಹೆಚ್ಚು ಚುರುಕು. ಅವರು ಡಾಕ್ಟರ್ ಅಲ್ಲ, ಅವರು ಮನೇಲಿ ಇಲ್ಲ. ನಮಗೆ ಎರಡು ಬೇರೆ ಪದ. ಇಂಗ್ಲಿಷಿಗೆ ಎರಡೂ 'ಈಸ್ ನಾಟ್'.

ನನಗೆ ಪಾಠ ಹೇಳೋಕೆ ಖುಷಿ ಕೊಡುವುದು ಕ್ಯಾನ್, ಮೇ, ಮಸ್ಟ್ ಗುಂಪು. ಇವಕ್ಕೆ 'ಸ್' ಹತ್ತುವುದಿಲ್ಲ. 'ಹಿ ಕ್ಯಾನ್ಸ್' ಅಂತ ಇಲ್ಲ. ಕ್ಯಾನ್, ಮೇ, ಶಲ್ ತುಂಬಾ ಹಿಂದೆ ರೂಪದಲ್ಲಿ ಭೂತಕಾಲದವು. ಅರ್ಥ ಮಾತ್ರ ವರ್ತಮಾನಕ್ಕೆ ಸರಿಯಿತು. 'ಹಿ ಕೇಮ್'ಗೆ 'ಸ್' ಹೇಗೆ ಹತ್ತುವುದಿಲ್ಲವೋ ಇವಕ್ಕೂ ಹಾಗೇ. ನಮ್ಮ 'ಬಹುದು', 'ಬೇಕು', 'ಬಾರದು', 'ಕೂಡದು' ನೋಡಿ. ನಾನು ಹೋಗಬಹುದು, ನೀನು ಹೋಗಬಹುದು, ಅವರು ಹೋಗಬಹುದು. ಯಾರೇ ಆದರೂ ಪದ ಬದಲಾಗುವುದಿಲ್ಲ. 'ಬಾರದು' ಅನ್ನೋದು 'ಬರು' ಧಾತುವಿನ ಹಳೆಯ ಇಲ್ಲವೆನ್ನುವ ರೂಪ, ಹಾಗೇ ಗಟ್ಟಿಯಾಗಿ ನಿಂತಿದೆ. 'ಹೋಗಲಾರೆ, ಹೋಗಲಾರ' ಅನ್ನೋದು ಮಾತ್ರ ಬದಲಾಗುತ್ತದೆ. ಅದನ್ನು ಈಗ ಮಾತಿನಲ್ಲಿ ಯಾರು ಬಳಸುತ್ತಾರೆ, ಬಿಡಿ.

ತೊಂದರೆ ಕೊಡುವುದು 'ಬೇಕು'. ನಮಗೆ ಟೀನೂ ಬೇಕು, ಊರಿಗೂ ಹೋಗಬೇಕು, ಮಕ್ಕಳು ದೊಡ್ಡವರ ಮಾತು ಕೇಳಬೇಕು, ಅವನು ಈಗ ಮನೇಲಿರಬೇಕು. ಇಂಗ್ಲಿಷಿನಲ್ಲಿ ಕ್ರಮವಾಗಿ ವಾಂಟ್, ಹ್ಯಾವ್ ಟು, ಶುಡ್, ಮಸ್ಟ್. ನಾಲ್ಕರಲ್ಲಿ ನಮ್ಮವರ ಕೈಗೆ ಮೊದಲು ಸಿಗುವುದು 'ಮಸ್ಟ್'. ರೈಟರ್ ಒಬ್ಬ ಖರೀದಿದಾರರಿಗೆ ಬರೆದಿದ್ದ: 'ಸಾರ್, ಯೂ ಮಸ್ಟ್ ಸೆಂಡ್ ಪೇಮೆಂಟ್ ಟುಡೇ.' ಅವನ ಮನಸ್ಸಿನಲ್ಲಿದ್ದದ್ದು, "ಸಾರ್, ಇವತ್ತು ಪೇಮೆಂಟ್ ಕಳಿಸಬೇಕು" ಅನ್ನುವ ವಿನಯದ ಮಾತು. ಆ ಕಡೆ ಓದಿದವರಿಗೆ ಕಂಡದ್ದು ಹುಕುಂ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸಿನ ರೇಟು 2000 ರೂಪಾಯಿ ದಾಟಿತ್ತು. ಅಂಥ ದಿನಗಳಲ್ಲಿ ಒಂದು ಲಾರಿ ಲೋಡಿನ ದುಡ್ಡನ್ನು 'ಮಸ್ಟ್' ಹಾಕಿ ಕೇಳಿದರೆ ಎದುರಿನವರ ಮುಖ ಹೇಗಾಗಿರಬಹುದು!

ಹಾಗಾದರೆ ಮರ್ಯಾದೆ ಎಲ್ಲಿ ಇಡುವುದು? ಕನ್ನಡದಲ್ಲಿ 'ಕಳಿಸ್ತೀರಾ' ಅನ್ನೋದರ 'ರಾ'ದಲ್ಲೇ ಇದೆ. ಇಂಗ್ಲಿಷಿನ 'ಯೂ'ಗೆ ನೀನು, ನೀವು ಅನ್ನೋ ಭೇದ ಗೊತ್ತಿಲ್ಲ. ಆ ಕೆಲಸ 'ಕುಡ್', 'ವುಡ್' ಹೆಗಲಿಗೆ ಬಿದ್ದಿದೆ. 'ಕ್ಯಾನ್ ಯೂ' ಅನ್ನೋದಕ್ಕಿಂತ 'ಕುಡ್ ಯೂ' ಮೆತ್ತಗೆ. "ಅದು ಕ್ಯಾನ್‌ನ ಪಾಸ್ಟ್ ಟೆನ್ಸ್ ಅಲ್ವಾ, ನಾಳೆ ಕಳಿಸೋ ದುಡ್ಡಿಗೆ ಪಾಸ್ಟ್ ಯಾಕೆ?" ಅಂತ ಕೇಳಿದ. ಒಳ್ಳೆ ಪ್ರಶ್ನೆ. ಅದಕ್ಕೂ ಉತ್ತರ ಅವನ ಬಾಯಲ್ಲೇ ಇತ್ತು. ಯಾರದೋ ಮನೆಗೆ ಹೋಗಿ ಏನಂತೀವಿ? "ಒಂದು ಮಾತು ಕೇಳಬೇಕಿತ್ತು." ಕೇಳಬೇಕಾಗಿರುವುದು ಈಗ, ಹೇಳುವುದು 'ಇತ್ತು'. "ಸ್ವಲ್ಪ ದುಡ್ಡು ಬೇಕಿತ್ತು" ಅಂತ ಸಾಲ ಕೇಳುತ್ತೇವೆ, 'ಬೇಕು' ಅಂತ ನೆಟ್ಟಗೆ ಕೇಳೋಕೆ ಸಂಕೋಚ. ಫೋನಿನಲ್ಲಿ "ಯಾರು ಬೇಕಿತ್ತು?" ಅಂತೀವಿ. ಒಂದು ಹೆಜ್ಜೆ ಹಿಂದೆ ಸರಿದು ಮಾತಾಡುವುದಕ್ಕೆ ಭೂತಕಾಲವನ್ನು ಬಳಸುವುದು ಅವರಿಗೂ ಗೊತ್ತು, ನಮಗೂ ಗೊತ್ತು. ಅವತ್ತಿನಿಂದ ಅವನ ಮೆಸೇಜುಗಳಲ್ಲಿ 'ಕುಡ್ ಯೂ' ಬಂತು. ದುಡ್ಡು ಬೇಗ ಬಂತೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಶಲ್, ವಿಲ್ ಜಗಳಕ್ಕೆ ಒಂದೇ ಮಾತು. 'ಐ, ವಿ' ಜೊತೆ ಶಲ್, ಉಳಿದವರ ಜೊತೆ ವಿಲ್ ಅನ್ನುವ ಸೂತ್ರವನ್ನು ಜಾನ್ ವಾಲಿಸ್ ಅನ್ನುವವರು 1653ರಲ್ಲಿ ಬರೆದಿಟ್ಟರು. ನಮ್ಮ ಗೈಡುಗಳು ಅದನ್ನು ಇನ್ನೂ ಕೈಬಿಟ್ಟಿಲ್ಲ. ಎಲ್ಲಾ ಕಡೆ 'ವಿಲ್' ಹಾಕಿ, ಏನೂ ಆಗುವುದಿಲ್ಲ. 'ಶಲ್ ವಿ ಸ್ಟಾರ್ಟ್' ಅಂತ 'ಶುರು ಮಾಡೋಣ್ವಾ' ಅನ್ನೋ ಕಡೆಗೆ ಮಾತ್ರ 'ಶಲ್' ಇಟ್ಟುಕೊಳ್ಳಿ.

ಸಕರ್ಮಕ, ಅಕರ್ಮಕ ನಾವು ಕನ್ನಡದಲ್ಲೇ ಓದಿದ್ದೇವೆ. ನಾವು 'ಬೇಯು, ಬೇಯಿಸು', 'ಓಡು, ಓಡಿಸು' ಅಂತ ಪದವನ್ನೇ ಬದಲಾಯಿಸುತ್ತೇವೆ. ಇಂಗ್ಲಿಷಿನ 'ಬಾಯಿಲ್' ತಾನಾಗಿ ಕುದಿಯುವುದಕ್ಕೂ ಒಂದೇ, ನಾವು ಕುದಿಸುವುದಕ್ಕೂ ಒಂದೇ. ಇದರಲ್ಲಿ ಎಡವುವವರು ಕಡಿಮೆ.

ಎಡವುವುದು ನೋ, ಲವ್, ವಾಂಟ್, ಹ್ಯಾವ್ ಥರದವುಗಳಲ್ಲಿ. ಇವು ಮಾಡುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ಇವಕ್ಕೆ ಸಾಮಾನ್ಯವಾಗಿ 'ಇಂಗ್' ಹಚ್ಚುವ ಹಾಗಿಲ್ಲ. 'ಐ ಆಮ್ ನೋಯಿಂಗ್ ಕನ್ನಡ' ಅಂತ ಯಾಕೆ ಬರುತ್ತದೆ? ನನಗನ್ನಿಸುವುದು, 'ಗೊತ್ತಿದೆ'ಯ 'ಇದೆ' ಒಳಗೊಳಗೇ ಕೆಲಸ ಮಾಡಿ 'ಆಮ್' ಎಳೆದುತರುತ್ತದೆ. ಬಂದ 'ಆಮ್'ಗೆ ಜೊತೆಯಾಗಿ 'ಇಂಗ್' ತಾನೇ ಬರುತ್ತದೆ. 'ಹ್ಯಾವ್' ಇನ್ನೂ ಕಷ್ಟ, ಯಾಕೆಂದರೆ ಕನ್ನಡದಲ್ಲಿ ಆ ಕ್ರಿಯಾಪದವೇ ಇಲ್ಲ. ನನ್ನ ಹತ್ತಿರ ದುಡ್ಡಿದೆ, ನನಗೆ ಇಬ್ಬರು ಮಕ್ಕಳಿದ್ದಾರೆ, ನನಗೆ ತಲೆನೋವು. ಎಲ್ಲ ಕಡೆ 'ಇರು', ಇಲ್ಲವೇ ಅದೂ ಇಲ್ಲ. ಅದಕ್ಕೇ 'ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್'. 'ಐ ಆಮ್ ಹ್ಯಾವಿಂಗ್ ಲಂಚ್' ಸರಿ, ಅಲ್ಲಿ 'ಹ್ಯಾವ್' ಅಂದರೆ ತಿನ್ನುವುದು. ಊಟ ಮಾಡುವ ಕೆಲಸ ನಡೀತಾ ಇರುತ್ತದೆ. ಮಕ್ಕಳನ್ನು ಹಾಗನ್ನೋಕಾಗಲ್ಲ.

ಕೊಡುವುದು ಬರೀ ಆ ಕಡೆಯಿಂದಲೇ ಅಂದುಕೊಳ್ಳಬೇಡಿ. ನಮ್ಮ ಸಹಾಯಕ ಕ್ರಿಯಾಪದಗಳು ಮಾಡುವ ಕೆಲಸ ಅವರ 23ಕ್ಕೆ ಬರುವುದಿಲ್ಲ. 'ಬಿದ್ದೆ' ಅಂದರೆ ಸುದ್ದಿ. 'ಬಿದ್ದುಬಿಟ್ಟೆ' ಅಂದರೆ ಅದರಲ್ಲಿ ಬೇಜಾರೂ ಇದೆ, ನಾಚಿಕೆಯೂ ಇದೆ. 'ತಿಂದ' ಬೇರೆ, 'ತಿಂದುಹಾಕಿದ' ಬೇರೆ. 'ಹೇಳು' ಬೇರೆ, 'ಹೇಳಿಕೊಡು' ಬೇರೆ. ಇಂಗ್ಲಿಷಿನವರು 'ತಿಂದುಹಾಕು'ಗೆ 'ಈಟ್ ಅಪ್' ಅಂತ ಒಂದು 'ಅಪ್' ಸೇರಿಸಿ ಸ್ವಲ್ಪ ಹತ್ತಿರ ಬರುತ್ತಾರೆ. 'ಬಿದ್ದುಬಿಟ್ಟೆ'ಗೆ ಹತ್ತಿರವೂ ಬರುವುದಿಲ್ಲ. ಮೇಲೊಂದು 'ಓ ನೋ' ಹಾಕಬೇಕಷ್ಟೇ.

ಕೊನೆಯದಾಗಿ ನಮ್ಮ ಯಾವ ಭಾಷೆಯೂ ಸಹಾಯಕ್ಕೆ ಬಾರದ ಒಂದು ಜಾಗ. 'ನಿನ್ನೆ ಕಳಿಸಿದ್ದೀನಿ ಸಾರ್' ಕನ್ನಡದಲ್ಲಿ ಸಲೀಸು. ಅದನ್ನೇ 'ಐ ಹ್ಯಾವ್ ಸೆಂಟ್ ಯೆಸ್ಟರ್‌ಡೇ' ಅಂದರೆ ತಪ್ಪು. 'ಹ್ಯಾವ್ ಸೆಂಟ್' ಅನ್ನೋದು ಈಗಿನ ಲೆಕ್ಕ, ಕಳಿಸಿದ್ದು ಆಗಿದೆ ಅಂತ ಮಾತ್ರ ಹೇಳುತ್ತದೆ. ಯಾವಾಗ ಅಂತ ಹೇಳಿದರೆ 'ಐ ಸೆಂಟ್' ಅನ್ನಬೇಕು. ಇದು ಯಾಕೆ ಹೀಗೆ ಅಂತ 'ಬಂತಿಲ್ಲ'ದ ಹಾಗೆ ಕಿವಿಗೆ ತೋರಿಸೋಕೆ ನನ್ನ ಹತ್ತಿರ ಕನ್ನಡದ ಉದಾಹರಣೆ ಇಲ್ಲ, ತೆಲುಗು ತಮಿಳಿನದೂ ಇಲ್ಲ. ಅಭ್ಯಾಸವೇ ಗತಿ. ರೈಟರ್ ಈಗ ಮೆಸೇಜ್ ಕಳಿಸುವ ಮುಂಚೆ 'ಯೆಸ್ಟರ್‌ಡೇ' ಎಲ್ಲಾದರೂ ಇದೆಯಾ ಅಂತ ಹುಡುಕುತ್ತಾನೆ. ಇದ್ದರೆ 'ಹ್ಯಾವ್' ಅಳಿಸುತ್ತಾನೆ. ಒಂದೊಂದು ಸಲ 'ಯೆಸ್ಟರ್‌ಡೇ'ಯನ್ನೇ ಅಳಿಸಿ 'ಹ್ಯಾವ್' ಉಳಿಸಿಕೊಳ್ಳುತ್ತಾನೆ. ಅದೂ ಸರಿಯೇ. ಲೋಡ್ ನಿನ್ನೆ ಹೋಯಿತೋ ಮೊನ್ನೆ ಹೋಯಿತೋ ಅಂತ ಆ ಕಡೆಯವರಿಗೆ ತಿಳಿಯದೆ ಇರುವುದೂ ಕೆಲವು ಸಲ ಮಂಡಿಗೆ ಒಳ್ಳೇದೇ ಅಂತೆ.